ಕಣ್ಣಳತೆ

ಮಲ್ಪೆಯ ಬಲೆ ಶೆಡ್ಡಿನಲ್ಲಿ
ನನ್ನದನ್ನು ಅರಿಯದವರಿಲ್ಲ.
ಕೆಮ್ಮಿದರೆ ಬಲತೊಡೆಯ ಸಂದಿಗೆ ಇಳಿಯುತ್ತದೆ,
ಅಂಗಾತ ಮಲಗಿದರೆ
ಬಂದ ದಾರಿಯಲ್ಲೇ ಒಳಗೆ ಹೋಗುತ್ತದೆ.
ಆರು ವರ್ಷವಾಯಿತು.
"ತಿಂಗಳಾಯರೆ, ಬಾಡಿಗೆಯಾದರೂ ಕೊಡ್ತದಾ ಅದು?"
ಸೂಜಿಗೆ ನೂಲು ಸುತ್ತುತ್ತ ಕೇಳುತ್ತಾನೆ ಲೋಕು ಮೆಂಡನ್.

ಅವನ ಮೊಮ್ಮಗುವಿಗೂ ಉಂಟು, ಹೊಕ್ಕುಳಲ್ಲಿ.
ಅತ್ತಾಗ ಹಲಸಿನ ಬೀಜದ ಹಾಗೆ ಉಬ್ಬುವುದು.
ಅಜ್ಜಿ ನಾಣ್ಯವಿಟ್ಟು ಪಟ್ಟಿ ಬಿಗಿದಿದ್ದಳು,
ಡಾಕ್ಟರು ಬಿಚ್ಚಿಸಿ ಬೈದರಂತೆ:
ನಾಲ್ಕು ವರ್ಷ ಸುಮ್ಮನಿರಿ, ಹೆಚ್ಚಿನವು ತಾನಾಗಿ ಮುಚ್ಚುತ್ತವೆ.

ಹುಟ್ಟಿನ ಹರಕು ಮುಚ್ಚೀತು.
ಎಳೆದೂ ಎಳೆದೂ ಆದದ್ದು
ಮುಚ್ಚುವುದಿಲ್ಲ. ನಲವತ್ತು ವರ್ಷ
ಒದ್ದೆ ಬಲೆ ಎಳೆದವನಿಗೆ ಇದನ್ನು ಬೇರೆ ಹೇಳಬೇಕೆ?

ಆದರೂ ವಾರಿಜ ಹಟ ಹಿಡಿದು
ಉಡುಪಿಗೆ ಕರೆದುಕೊಂಡು ಹೋದಳು.
ಡಾಕ್ಟರ್ ಐರಿನ್ ಮಥಾಯಸ್ ನಿಲ್ಲಿಸಿ ಕೆಮ್ಮಿಸಿದರು,
ಎರಡು ಬೆರಳಲ್ಲಿ ಒತ್ತಿ ನೋಡಿದರು.
"ಹರ್ನಿಯಾ. ನೋವಿಲ್ಲ, ಒಳಗೆ ಹೋಗ್ತದೆ.
ಜೂನಿನಲ್ಲಿ ದೋಣಿ ದಡಕ್ಕೆ ಬರ್ತದಲ್ಲ, ಆಗ ಮಾಡುವ.
ಹೋಗದೆ ನಿಂತರೆ, ಕಲ್ಲಿನ ಹಾಗಾದರೆ,
ಕೆಂಪಾದರೆ, ವಾಂತಿ ಬಂದರೆ
ಜೂನು ಕಾಯಬೇಡಿ,
ಬೆಳಗಾಗುವುದನ್ನೂ ಕಾಯಬೇಡಿ."

ಒಳಗೆ ಹಾಸುವ ಬಲೆಯ ತುಂಡನ್ನು ಕೈಗೆ ಕೊಟ್ಟರು.
ಕಿಟಕಿಯ ಬೆಳಕಿಗೆ ಹಿಡಿದೆ.
ಕಣ್ಣು ಸಾಸಿವೆಯಷ್ಟು. ಅಂಚು ಕಟ್ಟಿಲ್ಲ.
ಗಂಟು ಎಲ್ಲಿಯೂ ಕಾಣದು.
"ಇದು ಯಾವ ಮೀನಿಗೆ?" ಅಂದೆ.
ನಕ್ಕರು. "ಹಿಡಿಯಲಿಕ್ಕಲ್ಲ, ತಡೆಯಲಿಕ್ಕೆ.
ಗಂಟು ನಿಮ್ಮ ಮಾಂಸವೇ ಹಾಕಿಕೊಳ್ತದೆ,
ಕಣ್ಣುಕಣ್ಣಿನೊಳಗೆ ಬೆಳೆದು."

ಹೊರಡುವಾಗ, ಚಿಲಕದ ಮೇಲೆ ಕೈಯಿಟ್ಟು,
ತೂಕವೆಲ್ಲ ಮುಗಿದ ಮೇಲೆ
ಎರಡು ಬೂತಾಯಿ ಕೊಸರು ಹಾಕುವ ದನಿಯಲ್ಲಿ
ವಾರಿಜ ಅಂದಳು:
"ನನಗೂ ಒಂದು ಉಂಟು. ಸಣ್ಣದು.
ನೆಲ್ಲಿಕಾಯಿಯಷ್ಟೂ ಇಲ್ಲ."

ಡಾಕ್ಟರು ಬಾಗಿಲು ಹಾಕಿಕೊಂಡರು.
ನಾನು ಹೊರಗೆ ಬೆಂಚಿನಲ್ಲಿ.

ಚೀಟಿಯಲ್ಲಿ ಅವಳ ಹೆಸರು, ಮುಂದಿನ ಗುರುವಾರ.
"ಇವರದ್ದು ಮೊದಲು."
ನನ್ನದು ಮಾವಿನಹಣ್ಣಿನಷ್ಟು ಉಂಟಲ್ಲ, ಅಂದೆ,
ಮಾನ ಹೋದವನ ಹಾಗೆ.
"ದೊಡ್ಡ ಬಾಗಿಲಲ್ಲಿ ಹೋದದ್ದು ವಾಪಸು ಬರ್ತದೆ.
ಇವರದ್ದು ತೊಡೆಯ ರಕ್ತನಾಳದ ಪಕ್ಕ, ಬಿಗಿ ಸಂದು,
ಹೆಂಗಸರಲ್ಲೇ ಹೆಚ್ಚು. ಕರುಳು ಸಿಕ್ಕಿಕೊಂಡರೆ
ರಕ್ತ ನಿಲ್ತದೆ, ಕರುಳು ಕೊಳೀತದೆ."

ದೊಡ್ಡ ಕಣ್ಣಲ್ಲಿ ಮೀನು ದಾಟಿ ಹೋಗುತ್ತದೆ,
ಕಿವಿರು ಸಿಕ್ಕುವುದು ಸಣ್ಣ ಕಣ್ಣಿಗೆ.
ಯಾರಿಗೆ ಗೊತ್ತಿಲ್ಲದಿದ್ದರೂ
ನನಗೆ ಗೊತ್ತಿರಬೇಕಿತ್ತು.

ಬಸ್ಸಿನಲ್ಲಿ ಕೇಳಿದೆ, ಎಷ್ಟು ಕಾಲದಿಂದ?
ಮೂರು ವರ್ಷ, ಅಂದಳು, ಕಲ್ಯಾಣಪುರದ ಕಡೆಗೆಲ್ಲ
ಬುಟ್ಟಿ ಹೊತ್ತು ತಿರುಗಿದ ಮೂರು ವರ್ಷ.
ಶೆಡ್ಡಿನಲ್ಲಿ ನನ್ನದರ ತಮಾಷೆಗೆ
ಬಂಗುಡೆ ಹೆಕ್ಕುತ್ತ ಅವಳೂ ನಗುತ್ತಿದ್ದಳು.

ಆಪರೇಷನ್ ಆಯಿತು. ಪಕ್ಕದ ಮಂಚದಲ್ಲಿ
ಬ್ರಹ್ಮಾವರದ ಹೆಂಗಸು, ಹನ್ನೆರಡು ವರ್ಷದ ಹಿಂದಿನ
ಸಿಸೇರಿಯನ್ ಹೊಲಿಗೆ ಬಿಟ್ಟು ಬಂದವಳು.
ಇಬ್ಬರೂ ಎರಡು ದಿನ
ಗಂಡಂದಿರ ವಿಷಯ ಮಾತಾಡಿದರು.
ನಾನು ಹೋದಾಗ ನಿಲ್ಲಿಸಿದರು.

ಈಗ ಮೇ ತಿಂಗಳು.
ಅವಳು ಆರು ವಾರ ಭಾರ ಎತ್ತಬಾರದು,
ನಾನು ಜೂನಿನ ತನಕ.
ಗ್ಯಾಸಿನ ಹುಡುಗ ತುಂಬಿದ ಸಿಲಿಂಡರನ್ನು
ಜಗಲಿಯಲ್ಲಿಟ್ಟು ಹೋಗಿದ್ದಾನೆ.
ಅದರ ಎರಡು ಬದಿಗೆ ಕೂತಿದ್ದೇವೆ.
ಲೋಕುವನ್ನು ಕರೆಯಲಾ?
ಬೇಡ, ನಾಳೆ ಬಂದರಿಗೆಲ್ಲ ಹೇಳ್ತಾನೆ.
ಅವಳಿಗೆ ಸೀನು ಬಂತು. ಒಮ್ಮೆಲೇ
ಅವಳ ಕೈ ಅವಳ ತೊಡೆಸಂದಿಗೆ,
ನನ್ನ ಕೈ ನನ್ನದಕ್ಕೆ.

"ಇವತ್ತು ಗಂಜಿ ಸಾಕು,
ಸೌದೆ ಒಲೆಯಲ್ಲಿ," ಅಂದಳು.
ಮತ್ತೆ, "ಸೌದೆ ಒಂದೊಂದೇ ತನ್ನಿ."